ಕೋಣೆಯ ಸೊಂಟದಳತೆ

ಅಳತೆಯ ವಿಷಯದಲ್ಲಿ ನನ್ನ ಹತ್ತಿರ ಯಾರೂ ಬಾಲ ಬಿಚ್ಚಬಾರದು! ದರ್ಜಿಯ ಹೆಂಡತಿ ನಾನು. ಬೀದಿಯಲ್ಲಿ ಎದುರು ಬಂದವರ ಎದೆ, ಸೊಂಟ, ತೋಳು ಮೂರನ್ನೂ ಅವರು "ಚೆನ್ನಾಗಿದ್ದೀರಾ?" ಎನ್ನುವಷ್ಟರಲ್ಲಿ ಕಣ್ಣಲ್ಲೇ ಅಳೆದು ಮುಗಿಸಿರುತ್ತೇನೆ. ಇಂಥ ನಾನು ಒಂದು ಯಃಕಶ್ಚಿತ್ ಕೋಣೆಗೆ ಒಂದು ಯಂತ್ರ ಆರಿಸಲಾರೆನೆ?

ಕಳೆದ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಅದರಲ್ಲಿ ನಗುವಂಥದ್ದೇನಿಲ್ಲ. ಮುಂದಿನದರಲ್ಲಿ ಇದೆ.

ಅವರು ಹೊಲಿಯುತ್ತಿದ್ದದ್ದು ಮನೆಯ ನೆಲಮಾಳಿಗೆಯಲ್ಲಿ. ಕತ್ತರಿಸುವ ಮೇಜು, ಹೊಲಿಗೆ ಮಷೀನು, ಬಟ್ಟೆ ತೊಡಿಸಿ ನೋಡುವ ತಲೆಯಿಲ್ಲದ ಬೊಂಬೆ. ಬೊಂಬೆಯ ಮೇಲೆ ನನ್ನ ಕೋಟು. ಬೀದಿಗೆಲ್ಲ ಹೊಲಿದವರು ಹೆಂಡತಿಗೆಂದು ಕತ್ತರಿಸಿದ ಮೊದಲ ಕೋಟು ಅದು. ಕಡುನೀಲಿ ಉಣ್ಣೆ. ಒಂದು ತೋಳು ಕೂರಿಸುವುದನ್ನು ಉಳಿಸಿ ಹೋದರು. ನಾನು ದಿನವೆಲ್ಲ ಅಲ್ಲೇ ಇರುತ್ತಿದ್ದೆ. ಬಟ್ಟೆ ಒಗೆದು ಒಣಹಾಕುತ್ತಿದ್ದದ್ದೂ ಅಲ್ಲೇ. ಒಂದು ಬೆಳಗ್ಗೆ ನೋಡುತ್ತೇನೆ, ಕೋಟಿನ ಕಾಲರಿಗೆ ಬಿಳಿ ಬೂಷ್ಟು! ಹೀಗೇ ಬಿಟ್ಟರೆ ಉಣ್ಣೆ ಮುಗಿದ ಹಾಗೆಯೇ.

ಯಜಮಾನರ ತಂಗಿ, ನನ್ನ ನಾದಿನಿ, ಪಕ್ಕದ ಬೀದಿಯವಳು. ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಡುಗೆಮನೆಗೆ ಬರುತ್ತಾಳೆ; ಅಣ್ಣ ಹೋದ ಮೇಲೆ ಕೆಳಗೆ ಇಳಿದವಳಲ್ಲ.

"ನಿನ್ನೆ ಡಬ್ಬಿ ಹಾಗೇ ಇದೆಯಲ್ಲ ಅತ್ತಿಗೆ!"

"ತಿಂತೀನಿ, ಅಲ್ಲಿಡು. ಕೋಟಿಗೆ ಬೂಷ್ಟು ಹಿಡಿದಿದೆ, ನಿಂಗೆ ಊಟದ್ದೇ ಚಿಂತೆ!"

"ಕೋಣೆ ತೇವ ಹೀರೋಕೆ ಒಂದು ಮಷೀನು ಬರುತ್ತೆ. ಡಿಹ್ಯುಮಿಡಿಫೈಯರ್ ಅಂತ. ಕೋಣೆಗೆ ತಕ್ಕ ಸೈಜು ನೋಡಿ ತಗೋಬೇಕಂತೆ. ನಾನೂ ಬರ್ಲಾ?"

"ಸೈಜು! ನಂಗೆ ಹೇಳಿಕೊಡ್ತೀಯಾ ಸೈಜು?"

ಟೇಪು ಹಿಡಿದು ಕೆಳಗಿಳಿದೆ. ನಮ್ಮ ಮನೆಯಲ್ಲಿ ಅಳತೆ ಎಂದರೆ ಸುತ್ತಳತೆ. ಮೇಜಿನಡಿ ತೂರಿದೆ, ಬೊಂಬೆಯ ಬೆನ್ನ ಹಿಂದೆ ನುಸುಳಿದೆ, ನಾಲ್ಕು ಗೋಡೆಯನ್ನೂ ಬಳಸಿ ಬಂದೆ. ಕೋಣೆಯ ಸೊಂಟ ನಲವತ್ತನಾಲ್ಕು ಅಡಿ! ಮೈಗೆ ಬಿಗಿಯಾಗದಂತೆ ಯಜಮಾನರು ಯಾವಾಗಲೂ ಒಂದಿಷ್ಟು ಸಡಿಲ ಬಿಡುತ್ತಿದ್ದರು. ನಾನೂ ನಾಲ್ಕಡಿ ಬಿಟ್ಟೆ. ಕೋಣೆ ಉಸಿರಾಡಬೇಡವೆ? ನಲವತ್ತೆಂಟು. ಎತ್ತರ ಎಂಟು.

ಅಂಗಡಿಯವನು ಪೆನ್ನು ಹಿಡಿದು ಕೇಳಿದ. "ಕೋಣೆ ಅಳತೆ ಹೇಳಿ ಅಮ್ಮಾ."

"ನಲವತ್ತೆಂಟು, ಎಂಟು."

"ನಲವತ್ತೆಂಟಡಿ ಉದ್ದ, ಎಂಟಡಿ ಅಗಲ? ಅದೇನು ಕೋಣೆನಾ, ರೈಲು ಬೋಗಿನಾ?"

"ಅಳತೆ ತೆಗೆಯೋದು ನಮ್ಮ ಮನೆ ಕಸುಬಪ್ಪ. ನೀನು ಮಷೀನು ತೋರಿಸು."

"ತೇವ ಎಷ್ಟಿದೆ? ಬರೀ ಮುಗ್ಗಲು ವಾಸನೆನಾ, ಇಲ್ಲಾ..."

"ಕಿಟಕಿ ಗಾಜಿಂದ ನೀರಿಳಿಯುತ್ತೆ!"

ಅವನು ಗುಣಿಸಿ ನೋಡಿ, ತಲೆ ಕೆರೆದುಕೊಂಡು, ಬೀರುವಿನಂಥದ್ದೊಂದನ್ನು ತೋರಿಸಿದ. "ಇದು ಗೋದಾಮಿಗೆ ಹಾಕೋದು. ಕೋಣೆಗೆ ಜಾಸ್ತಿನೇ ಆಗಬಹುದು. ಇನ್ನೊಂದು ಸಲ ಅಳೆದು ಬರ್ತೀರಾ?"

"ದೊಡ್ಡದಾದ್ರೆ ಒಳಗೆ ಹಿಡಿದು ಹೊಲೀಬಹುದು. ಚಿಕ್ಕದಾದ್ರೆ ಹಿಗ್ಗಿಸೋಕಾಗುತ್ತಾ?"

ಅವನು ಬಿಲ್ಲು ಬರೆದ. ಗೆದ್ದೆ!

ಯಂತ್ರ ಹೊತ್ತು ತಂದ ಇಬ್ಬರು ಗಂಡಸರು ಮೆಟ್ಟಿಲ ತಿರುವಿನಲ್ಲಿ ಅದರ ಸಮೇತ ಸಿಕ್ಕಿಕೊಂಡರು.

"ಅಮ್ಮಾ, ಇದನ್ನ ಇಳಿಸಬೇಕಂದ್ರೆ ಮನೆನೇ ಮೇಲೆತ್ತಬೇಕು!"

"ಓರೆ ಹಿಡೀರಪ್ಪ, ತೋಳು ಕೂರಿಸೋ ಹಾಗೆ!"

ಕೊನೆಗೆ ಮೆಟ್ಟಿಲ ಕಟಕಟೆ ಕಿತ್ತು ಇಳಿಸಿದ್ದಾಯಿತು. ಸ್ವಿಚ್ಚು ಒತ್ತಿದೆ. ಮನೆಯೊಳಗೆ ಲಾರಿ ನುಗ್ಗಿದಂತೆ ಸದ್ದು! ಸಂಜೆಯೊಳಗೆ ಅದರ ನೀರಿನ ತೊಟ್ಟಿ ತುಂಬಿತು. ಗೆದ್ದ ರಾಜ್ಯದ ಕಪ್ಪಕಾಣಿಕೆಯಂತೆ ಆ ನೀರನ್ನು ಹೊತ್ತು ಮೇಲೆ ತಂದು ಸುರಿದೆ.

ಆಮೇಲೆ ಯಂತ್ರಕ್ಕೆ ಕುಡಿಯಲು ನೀರು ಸಾಲಲಿಲ್ಲ. ಸಿಕ್ಕಿದ್ದನ್ನೆಲ್ಲ ಕುಡಿಯತೊಡಗಿತು. ಯಜಮಾನರ ಮರದ ಅಳತೆಪಟ್ಟಿ ಬಿಲ್ಲಿನಂತೆ ಬಾಗಿತು. ಬೊಂಬೆಯ ಹೊಟ್ಟೆ ಬಿರಿಯಿತು. ನನ್ನ ತುಟಿ ಒಡೆಯಿತು. ಸ್ಟೂಲಿನ ಕಾಲು ಒಣಗಿ ಸಡಿಲವಾಗಿ ಒಂದು ದಿನ ನನ್ನನ್ನು ನೆಲಕ್ಕೆ ಕೂರಿಸಿತು. ಆದರೂ ಮತ್ತೆ ಬಟ್ಟೆ ಒಗೆದ ದಿನ ತೊಟ್ಟಿ ತುಂಬಿ ಹರಿಯಿತು ನೋಡಿ! ಯಂತ್ರದ ಪ್ರತಾಪ ತೋರಿಸಲು ನಾದಿನಿಯನ್ನು ಕೆಳಗೆ ಕರೆದೆ.

ಅವಳು ಕೊನೆಯ ಮೆಟ್ಟಿಲು ಇಳಿದಳು. ಹಗ್ಗದ ಮೇಲಿದ್ದ ಒದ್ದೆ ಶರ್ಟೊಂದು ಪಟ್ಟೆಂದು ಮುಖಕ್ಕೆ ಬಡಿಯಿತು.

"ಇದು ಅಣ್ಣನ ಶರ್ಟು!"

"ಹೂಂ."

"ಇದೂ ಅಣ್ಣಂದು. ಅದೂ." ಹಗ್ಗದುದ್ದಕ್ಕೂ ನಡೆದಳು. "ಎಲ್ಲಾ ಅಣ್ಣಂದೇ! ಒದ್ದೆ ಯಾಕಿದೆ?"

"ಒಗೆದೆ. ವಾರ ವಾರ ಒಗೀತೀನಿ."

"ಯಾರು ಹಾಕ್ಕೊಂಡಿದ್ರು ಅಂತ?"

"ಅಭ್ಯಾಸ," ಎಂದೆ.

"ಹೊರಗಾದ್ರೂ ಹಾಕಬಾರದಾ?"

"ಬೀದಿಯವರು ನೋಡಿ ಅಯ್ಯೋ ಪಾಪ ಅಂತಾರೆ."

ಅವಳು ಅದೇ ಶರ್ಟಿನ ತುದಿಯಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದಳು. ಆಮೇಲೆ ನಗು ತಡೆಯದೆ ಮೇಜಿಗೆ ಆತುಕೊಂಡಳು.

"ಅಲ್ಲ ಅತ್ತಿಗೆ, ನೀರು ತಂದು ಹಾಕೋಳೂ ನೀನೇ, ನೀರು ಹೀರೋಕೆ ಗೋದಾಮಿನ ಮಷೀನು ತಂದೋಳೂ ನೀನೇ! ಈ ತೇವ ಗೋಡೆದಲ್ಲ, ನಿಂದು! ಆ ಕೋಟಿಗೆ ಬೂಷ್ಟು ಹಿಡಿಸಿರೋದು ಈ ಶರ್ಟುಗಳು!"

ಬೊಂಬೆಗೆ ಮಾತ್ರ ತಲೆಯಿಲ್ಲ ಎಂದು ಇಷ್ಟು ದಿನ ತಿಳಿದಿದ್ದೆ. ಆ ಕೋಣೆಯಲ್ಲಿ ತಲೆಯಿಲ್ಲದವರು ಇಬ್ಬರಿದ್ದೆವು.

ಯಂತ್ರ ವಾಪಸು ಹೋಯಿತು. ಈ ಸಲ ಅಳತೆ ಹೇಳಿದವಳು ನಾದಿನಿ. "ಹನ್ನೆರಡಡಿ ಉದ್ದ, ಹತ್ತಡಿ ಅಗಲ."

ಅಂಗಡಿಯವನು ನನ್ನ ಕಡೆ ನೋಡಿದ. "ಉಳಿದ ಬೋಗಿ ಎಲ್ಲಿ ಹೋಯ್ತಮ್ಮಾ?"

ನಾನು ಫ್ಯಾನುಗಳನ್ನು ನೋಡುತ್ತ ನಿಂತೆ.

"ಒಳಗಡೆ ಒದ್ದೆ ಬಟ್ಟೆ ಒಣಹಾಕ್ತೀರಾ?"

ನಾದಿನಿ ನನ್ನ ಮೊಣಕೈ ತಿವಿದಳು. ನಾನೇ ಹೇಳಬೇಕಾಯಿತು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಯಂತ್ರ ಕೂಡ ಆ ಒಂದು ಮಾತಿನಷ್ಟು ಸತಾಯಿಸಿರಲಿಲ್ಲ. "ಇಲ್ಲ," ಎಂದೆ.

"ಹಾಗಾದ್ರೆ ಈ ಚಿಕ್ಕದು ಸಾಕು."

ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆವು. ಶರ್ಟುಗಳನ್ನು ಹೊರಗೆ ಬಿಸಿಲಿಗೆ ಹಾಕಿದೆ. ಬೀದಿಯವರು ಅಯ್ಯೋ ಪಾಪ ಅಂದರು. ಅನ್ನಲಿ. ಒಣಗಿದ ಮೇಲೆ ಇಸ್ತ್ರಿ ಮಾಡಿ ಪೆಟ್ಟಿಗೆಗೆ ಸೇರಿಸಿದೆ. ಚಿಕ್ಕ ಯಂತ್ರ ಮೂಲೆಯಲ್ಲಿ ಬೆಕ್ಕಿನಂತೆ ಗುರುಗುಟ್ಟುತ್ತ ಕೂತಿತು. ಕಾಲರಿನ ಬೂಷ್ಟು ಬ್ರಷ್ಷಿಗೆ ಬಂತು. ಉಳಿದ ತೋಳನ್ನು ನಾನೇ ಕೂರಿಸಿ, ನಾದಿನಿಯ ಮುಂದೆ ಕೋಟು ತೊಟ್ಟು ನಿಂತೆ.

ಕೋಟಿನೊಳಗೆ ಇನ್ನೊಬ್ಬಳಿಗೆ ಜಾಗವಿತ್ತು!

"ಇದಕ್ಕೂ ಅಳತೆ ನೀನೇ ಕೊಟ್ಟಿದ್ದಾ ಅತ್ತಿಗೆ?"

"ಇಲ್ಲ. ನಿಮ್ಮಣ್ಣ ಟೇಪೇ ಮುಟ್ಟಲಿಲ್ಲ. ಕಣ್ಣಲ್ಲೇ ನೋಡಿ ಕತ್ತರಿಸಿದ್ದು."

"ಹಾಗಾದ್ರೆ ಅಣ್ಣ ತಪ್ಪಿದ."

"ಅವರು ತಪ್ಪೋರಲ್ಲ."

ಕನ್ನಡಿ ನೋಡಿದೆ. ಬೀದಿಯವರನ್ನೆಲ್ಲ ಅಳೆದವಳು ನನ್ನನ್ನು ಅಳೆದುಕೊಂಡಿರಲಿಲ್ಲ. ಹೋದ ಚಳಿಗಾಲದ ನನ್ನಲ್ಲಿ ಅರ್ಧ ಹೆಂಗಸು ಮಾತ್ರ ಅಲ್ಲಿ ನಿಂತಿದ್ದಳು.

ನಾದಿನಿ ಸೂಜಿಗೆ ದಾರ ಪೋಣಿಸಿದಳು. "ಬಾ, ಎರಡೂ ಪಕ್ಕ ಒಳಗೆ ಹಿಡಿದುಬಿಡ್ತೀನಿ. ದೊಡ್ಡದಾದ್ರೆ ಹಿಡೀಬಹುದು ಅಂತ ನೀನೇ ಹೇಳ್ತೀಯಲ್ಲ!"

"ಕೋಟು ಮುಟ್ಟಬೇಡ," ಎಂದೆ. "ಸೈಜು ತಪ್ಪಿರೋದು ನಂದು. ಊಟದ ಡಬ್ಬಿ ಬಿಚ್ಚು."