ಬೇರಿಂಗಿನ ಹಾಡು

ನಯೀಮನ ಎರಡೂ ಕೈ ಒದ್ದೆಯಾಗಿದ್ದವು. ಆ ದಿನದ ರಾದ್ಧಾಂತಕ್ಕೆಲ್ಲ ಅದೇ ಮೂಲ. ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ಬೆಳಗಿನಿಂದ ಅದ್ದಿ ಅದ್ದಿ ಬೆರಳ ತುದಿಗಳು ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವು. ಅಂಥ ಬೆರಳಿನಲ್ಲಿ ಫೋನು ಮುಟ್ಟಿದರೆ ಅದು ನಮ್ಮ ಮಾತು ಕೇಳುವುದಿಲ್ಲ, ತನ್ನಿಷ್ಟ ಬಂದಂತೆ ನಡೆದುಕೊಳ್ಳುತ್ತದೆ.

ಶಿಡ್ಲಘಟ್ಟದಲ್ಲಿ ಅವನ ತಂದೆ ಮಹಮ್ಮದ್ ಇಸ್ಮಾಯಿಲ್ ಸಾಹೇಬರದು ಗೂಡಿನಿಂದ ನೂಲು ಬಿಚ್ಚುವ ಸಣ್ಣ ಘಟಕ, ಮನೆಯ ಹಿಂದೆಯೇ. ಯಂತ್ರ ಹಳೆಯದು. ವರ್ಷಗಳಿಂದ ಗೊರಗೊರ ಎನ್ನುತ್ತಿದ್ದುದು ಈಚೆಗೆ ನಡುನಡುವೆ ಕೀಂಯ್ ಎಂದು ಚೀರಿ, ದಡದಡ ಬಡಿದುಕೊಳ್ಳಲು ಶುರುಮಾಡಿತ್ತು. ಮೆಕ್ಯಾನಿಕ್ ಗಂಗುಲಪ್ಪನವರು ಸುಮ್ಮನೆ ಕರೆದರೆ ಬರುವವರಲ್ಲ. ಮೊದಲು ಯಂತ್ರದ ಸದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಬೇಕು. ಅವರು ಅದನ್ನು ಕಿವಿಗೆ ಹಿಡಿದು, ಕಾಯಿಲೆ ಯಾವುದೆಂದು ತಿಳಿದು, ಅದಕ್ಕೆ ತಕ್ಕ ಸಾಮಾನು ಹೊತ್ತು ಬರುತ್ತಾರೆ.

ನಯೀಮನಿಗೂ ದಿನಾ ಬೆಳಗ್ಗೆ ಸದ್ದು ಕಳಿಸುವ ವ್ರತವೊಂದಿತ್ತು. ಅದು ಅಪ್ಪನಿಗೆ ಗೊತ್ತಿರಲಿಲ್ಲ. ಅವನು ಮೆಟಲ್ ಸಂಗೀತದ ಹುಚ್ಚ. ಗಿಟಾರು ಘರ್ಜಿಸಿ, ಡ್ರಮ್ಮು ಎದೆಗೆ ಗುದ್ದಿ, ಹಾಡುವವನು ಗಂಟಲು ಹರಿದುಕೊಂಡು ಅರಚುವ ಸಂಗೀತ ಅದು. ಜಿಲ್ಲೆಯಲ್ಲಿ ಅಂಥ ಹುಚ್ಚರೆಲ್ಲ ಸೇರಿ 'ಕಬ್ಬಿಣದ ಕಡಲೆ' ಎಂಬ ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದರು. ಪ್ರತಿಯೊಬ್ಬರೂ 'ಈಗ ಕೇಳ್ತಿರೋದು' ಎಂದು ಒಂದು ತುಣುಕು ಹಾಕಬೇಕು. ನಯೀಮ್ ಏನೇ ಹಾಕಲಿ, ಗೌರಿಬಿದನೂರಿನ ಕೆಂಪರಾಜುವಿನದು ಒಂದೇ ಪದದ ತೀರ್ಪು: 'ಹಳೇದು.' ಅವನ ಮೊಬೈಲ್ ಅಂಗಡಿಗೆ ಗಿರಾಕಿಗಳೇ ಬರುತ್ತಿರಲಿಲ್ಲವೋ ಏನೋ, ಲೋಕದ ಬ್ಯಾಂಡುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

ಆದರೆ ಆ ದಿನದ ಮಾತೇ ಬೇರೆ. ಗುಂಪಿನ ಯಜಮಾನಿ, ಚಿಂತಾಮಣಿಯ ತನುಜಳ ಬಳಿ ಅಂದೇ ಸಂಜೆ ಬೆಂಗಳೂರಿನಲ್ಲಿ ನಡೆಯುವ ಮೆಟಲ್ ಸಂಗೀತ ಕಚೇರಿಗೆ ಒಂದು ಟಿಕೆಟ್ ಹೆಚ್ಚಿಗೆ ಇತ್ತು. 'ಯಾರು ಕೇಳ್ತಿರೋದನ್ನ ನಮ್ಮಲ್ಲಿ ಇನ್ಯಾರೂ ಕೇಳಿಲ್ವೋ, ಟಿಕೆಟ್ ಅವರಿಗೆ' ಎಂದು ಸಾರಿಬಿಟ್ಟಿದ್ದಳು. ನಯೀಮ್ ಅಂಥ ಕಚೇರಿಯನ್ನು ಕಣ್ಣಾರೆ ಕಂಡವನೇ ಅಲ್ಲ, ಕೇಳಿದ್ದೆಲ್ಲ ಇಯರ್‌ಫೋನಿನಲ್ಲಿ. ವಾರವಿಡೀ ಹುಡುಕಿ, ಯಾವುದೋ ಹಿಮದ ದ್ವೀಪದ ಬ್ಯಾಂಡೊಂದನ್ನು ಪತ್ತೆಹಚ್ಚಿ, ಅದರ ಅತಿ ಘೋರವಾದ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದ.

"ನಯೀಮ್! ಗಂಗುಲಪ್ಪಂಗೆ ಸೌಂಡ್ ಕಳಿಸ್ದೇನೋ?" ಎಂದು ಇಸ್ಮಾಯಿಲ್ ಸಾಹೇಬರು ಕೂಗಿದರು.

"ಕಳಿಸ್ತಾ ಇದೀನಿ ಅಬ್ಬಾ!"

ಒದ್ದೆ ಬೆರಳಿನಲ್ಲೇ ಎರಡೂ ಸದ್ದುಗಳನ್ನು ಅವಸರವಾಗಿ ಕಳಿಸಿ, ಫೋನನ್ನು ಕಿಟಕಿಯಲ್ಲಿಟ್ಟು ಕೆಲಸಕ್ಕೆ ಕುಳಿತ. ಹಿಮದ್ವೀಪದ ಹಾಡು ಗಂಗುಲಪ್ಪನವರಿಗೆ ಹೋಗಿತ್ತು, ಯಂತ್ರದ ನರಳಾಟ ಗುಂಪಿಗೆ ಹೋಗಿತ್ತು.

ಸ್ವಲ್ಪ ಹೊತ್ತಿಗೆ ಮನೆಯ ಮುಂದೆ ಬೈಕೊಂದು ಬಂದು ನಿಂತಿತು. ಗಂಗುಲಪ್ಪನವರು ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿ ಕರೆಂಟಿನ ಮೇನ್ ಆಫ್ ಮಾಡಿದರು.

"ಎಲ್ರೂ ಆಚೆ ಬನ್ರಪ್ಪ! ಯಾರ ಕೈ ಸಿಕ್ಕಾಕ್ಕೊಂಡಿರೋದು?"

"ಕೈಯಾ? ಯಾವ ಕೈ?" ಇಸ್ಮಾಯಿಲ್ ಸಾಹೇಬರು ತಬ್ಬಿಬ್ಬಾದರು.

"ಅಯ್ಯೋ ದೇವುಡಾ, ನಾನೇ ಕೇಳಿದೀನಿ ಸಾಬ್ರೇ! ಮಿಷನ್ನು ದಬದಬ ಹೊಡ್ಕೊಂತಾ ಐತೆ, ಒಳಗೆ ಯಾವನೋ ಪ್ರಾಣ ಹೋಗೋ ಹಂಗೆ ಕಿರಿಚ್ಕೊಂತಾ ಅವ್ನೆ!"

ಮಾತು ಕಿವಿಗೆ ಬಿದ್ದದ್ದೇ ತಡ, ನಯೀಮನ ತಾಯಿ ಹಮೀದಾ ಬೇಗಂ ಹೋ ಎಂದು ಅಳುತ್ತಾ ಬಂದರು. ಎದುರುಮನೆಯ ಮುನಿಶಾಮಮ್ಮ ಅರಿಶಿನದ ಡಬ್ಬಿ ಹಿಡಿದು ಓಡಿಬಂದಳು. ಬೀದಿಯವರು ಸೇರಿ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿ ನೋಡಿದರು. ಎಲ್ಲ ಕೈಗಳೂ ನೆಟ್ಟಗಿದ್ದವು. ಡಬ್ಬಿ ಹಿಡಿದು ಬಂದ ಮೇಲೆ ಸುಮ್ಮನೆ ಹಿಂತಿರುಗಲು ಮುನಿಶಾಮಮ್ಮನಿಗೆ ಮನಸ್ಸು ಬರಲಿಲ್ಲ. ನಯೀಮನ ನೆನೆದ ಬೆರಳುಗಳನ್ನು ಹಿಡಿದು, "ಅಯ್ಯೋ ಹಮೀದಮ್ಮ, ರಕ್ತಾನೇ ಹೀರ್ಕೊಂಡ್ಬಿಟ್ಟೈತೆ ನೋಡು!" ಎಂದು ಅರಿಶಿನ ಮೆತ್ತಿ, ಒಂದೊಂದಕ್ಕೂ ಬಟ್ಟೆ ಸುತ್ತಿದಳು. ಅವನು ಬೇಡ ಎಂದಷ್ಟೂ ಗಂಟು ಬಿಗಿಯಾಯಿತು.

"ನನ್ ಮಾತು ಸುಳ್ಳಂತೀರಾ? ಕೇಳಿ" ಎಂದು ಗಂಗುಲಪ್ಪನವರು ಫೋನಿನ ದನಿಯನ್ನು ಪೂರ್ತಿ ಏರಿಸಿದರು. ಹಿಮದ್ವೀಪದ ಗಾಯಕ ಶಿಡ್ಲಘಟ್ಟದ ಬೀದಿಯಲ್ಲಿ ಬಾಯಿ ತೆರೆದ. ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಬೇರೆ ಮನೆಗೆ ಹೋಯಿತು.

"ಅದು... ಹಾಡು" ಎಂದ ನಯೀಮ್, ನೆಲ ನೋಡುತ್ತಾ.

"ಹಾಡಾ?" ಇಸ್ಮಾಯಿಲ್ ಸಾಹೇಬರು ಮಗನನ್ನೇ ದಿಟ್ಟಿಸಿದರು. "ಇದನ್ನ ನೀನು ಕೇಳ್ತೀಯಾ? ಬೇಕೂಂತ್ಲೇ?"

"ದಿನಾ ಕೇಳ್ತೀನಿ ಅಬ್ಬಾ."

"ಪಾಪ, ಯಾರ್ ಹೆತ್ತ ಮಗನೋ" ಎಂದು ಮುನಿಶಾಮಮ್ಮ ಗಾಯಕನಿಗಾಗಿ ಮರುಗಿದಳು. "ಹೊಟ್ಟೆ ಉಬ್ಬರ ಇರ್ಬೇಕು. ಒಂದ್ಲೋಟ ಓಂಕಾಳಿನ ನೀರು ಕೊಡೋರಿಲ್ವಾ?"

ಇಸ್ಮಾಯಿಲ್ ಸಾಹೇಬರು ಏನೂ ಬೈಯದೆ ಒಳಗೆ ಹೋದರು. ಬೈದಿದ್ದರೇ ವಾಸಿಯಿತ್ತು ಎಂದು ನಯೀಮನಿಗೆ ಸಂಕಟವಾಯಿತು.

ಹಾಗಾದರೆ ಗುಂಪಿಗೆ ಹೋದದ್ದೇನು ಎಂದು ಅವನಿಗೆ ಆಗ ಹೊಳೆಯಿತು. ಕೈಗೆಲ್ಲ ಬಟ್ಟೆ, ಹಾಗಾಗಿ ಮೂಗಿನ ತುದಿಯಿಂದಲೇ ಫೋನು ತೆರೆದ. ಗುಂಪಿಗೆ ಗುಂಪೇ ಕುಣಿಯುತ್ತಿತ್ತು. 'ಯಾವ ಬ್ಯಾಂಡೋ ಇದು?' 'ಆ ಕೀಂಯ್ ಇದ್ಯಲ್ಲ, ಮೈ ಜುಂ ಅಂತು ಮಗಾ!' ಎಲ್ಲಕ್ಕಿಂತ ಕೆಳಗೆ ಕೆಂಪರಾಜು: 'ಕೇಳಿಲ್ಲ.' ನಯೀಮ್ ಆ ಪದವನ್ನು ಮತ್ತೆ ಮತ್ತೆ ಓದಿಕೊಂಡ. ತನುಜ ಬರೆದಿದ್ದಳು: 'ಗೆದ್ದೆ ಕಣೋ! ಬ್ಯಾಂಡ್ ಹೆಸರು ಹೇಳು, ಇನ್ನೊಂದು ತುಣುಕು ಹಾಕು, ಟಿಕೆಟ್ ನಿಂದೇ.'

ಇನ್ನೊಂದು ತುಣುಕೇನು, ಇಡೀ ಆಲ್ಬಮ್ಮೇ ಮನೆಯಲ್ಲಿದೆ! ಒಳಗೆ ಓಡಿದ. ಅಷ್ಟರಲ್ಲಿ ಗಂಗುಲಪ್ಪನವರು ಬಂದದ್ದಕ್ಕೆ ಸುಮ್ಮನೆ ಹೋಗುವುದೇಕೆಂದು ಸವೆದ ಬೇರಿಂಗ್ ಕಿತ್ತು ಹೊಸದು ಹಾಕಿ ಮುಗಿಸಿದ್ದರು. ಯಂತ್ರ ಹಾಲು ಕುಡಿದು ಮಲಗಿದ ಮಗುವಿನಂತೆ ಉಸಿರಾಡುತ್ತಿತ್ತು.

"ಅಣ್ಣಾ, ಹಳೇ ಬೇರಿಂಗ್ ವಾಪಸ್ ಹಾಕಣ್ಣ! ಒಂದೇ ನಿಮಿಷ!"

"ಏಮಯ್ಯಾ, ತಲೆ ನೆಟ್ಟಗೈತಾ? ಸೌಂಡ್ ಹೋಗ್ಲಿ ಅನ್ನೋರ್ನ ನೋಡಿದೀನಿ. ಬರ್ಲಿ ಅನ್ನೋನು ನೀನೇ ಮೊದ್ಲು" ಎಂದು ಅವರು ಹಳೆಯ ಬೇರಿಂಗನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು.

ಸುಳ್ಳು ಹೆಸರೊಂದನ್ನು ಹೇಳಬಹುದಿತ್ತು. ಆದರೆ ಕೆಂಪರಾಜು ಅದನ್ನು ಹುಡುಕದೆ ಬಿಡುವವನಲ್ಲ. ನಯೀಮ್ ನಡೆದದ್ದನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಒಪ್ಪಿಕೊಂಡುಬಿಟ್ಟ. ಗುಂಪು ಬಿದ್ದು ಬಿದ್ದು ನಕ್ಕಿತು. 'ನಮ್ಮಲ್ಲಿ ಯಾರೂ ಕೇಳಿಲ್ಲ ಅನ್ನೋದಂತೂ ನಿಜ ತಾನೆ?' ಎಂದಳು ತನುಜ. ಕೆಂಪರಾಜು ಲಾಯರಿನಂತೆ ತಕರಾರು ತೆಗೆದ: 'ಈಗ ಕೇಳ್ತಿರೋದು ಅಂತ ರೂಲು. ಇವ್ನು ಕಿವಿಗೆ ಇಯರ್‌ಫೋನ್ ತುರ್ಕೊಂಡಿರ್ತಾನೆ. ಆ ಮಿಷನ್ನ ದಿನಾ ಕೇಳ್ತಿರೋರು ಯಾರು?'

'ನಮ್ಮಪ್ಪ' ಎಂದು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

'ಹಂಗಾದ್ರೆ ಟಿಕೆಟ್ ನಿಮ್ಮಪ್ಪಂದು. ಅವರು ಬರಲ್ಲ ಅಂದ್ರೆ ನೀನೇ ಬಾ' ಎಂದು ತನುಜ ಕಣ್ಣು ಮಿಟುಕಿಸುವ ಚಿತ್ರ ಹಾಕಿ ಟಿಕೆಟ್ ಕಳಿಸಿದಳು.

ಅಪ್ಪ ಮತ್ತು ಮೆಟಲ್ ಕಚೇರಿ! ನಯೀಮ್ ಮನಸ್ಸಿನಲ್ಲೇ ಬಸ್ಸು ಹತ್ತಿಬಿಟ್ಟ. ಇಸ್ಮಾಯಿಲ್ ಸಾಹೇಬರು ಸದ್ದಿಲ್ಲದ ಯಂತ್ರದ ಮುಂದೆ ಏನೋ ಕಳೆದುಕೊಂಡವರಂತೆ ಕುಳಿತಿದ್ದರು.

"ಅಬ್ಬಾ, ನಮ್ಮ ಮಿಷನ್ ಸೌಂಡು ನನ್ ಫ್ರೆಂಡ್ಸಿಗೆಲ್ಲ ಹಿಡಿಸ್ಬಿಡ್ತು. ಬೆಂಗ್ಳೂರಲ್ಲಿ ಇವತ್ತು ಅಂಥದೇ ಪ್ರೋಗ್ರಾಂ. ಟಿಕೆಟ್ ನಿಮ್ಗೆ ಕೊಟ್ಟವ್ರೆ. ನೀವು ಹೋಗಲ್ಲ ಅಲ್ವಾ?"

"ನಮ್ಮ ಮಿಷನ್ ಸೌಂಡಾ? ಹಿಡಿಸ್ತಾ?" ಅವರ ಮುಖ ಅರಳಿತು. "ಇಷ್ಟು ವರ್ಷ ಬೀದೀಲಿ ಎಲ್ರೂ ಬೈದೋರೇ ಬೇಟಾ. ಹೋಗ್ತೀನಿ. ಅದು ನಿಂತಾಗ್ಲಿಂದ ಕಿವಿ ಖಾಲಿ ಖಾಲಿ. ನೀನು ದಿನಾ ಏನ್ ಕೇಳ್ತೀಯೋ ಅದನ್ನೂ ನೋಡ್ದಂಗಾಯ್ತು. ಇಲ್ಲಿ ನೀನು ನೋಡ್ಕೋ."

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡು ಅವರು ಬಸ್ಸು ಹತ್ತಿದರು. ನಯೀಮನಿಗೆ ಅಳುವೇ ಬಂತು. ಆದರೂ ತಾನು ದಿನಾ ಕೇಳುವುದನ್ನು ನೋಡುತ್ತೇನೆಂದು ಅಪ್ಪ ಹೇಳಿಹೋದ ಮಾತು ನೆನೆದರೆ ಎದೆ ಬೆಚ್ಚಗಾಗುತ್ತಿತ್ತು. ಬೆರಳಿನ ಬಟ್ಟೆ ಬಿಚ್ಚಿ, ಕೈ ಒರೆಸಿಕೊಂಡು, ತನ್ನ ಹಿಮದ್ವೀಪದ ತುಣುಕನ್ನು ಕೊನೆಗೂ ಸರಿಯಾದ ಜಾಗಕ್ಕೆ ಕಳಿಸಿದ. ಕೂಡಲೇ ಉತ್ತರ ಬಂತು, ಕೆಂಪರಾಜುವಿನದು: 'ಹಳೇದು.'

ಸಂಜೆ ಗುಂಪಿಗೆ ಹೊಸ ಸದಸ್ಯರೊಬ್ಬರು ಸೇರಿದರು. ಕಚೇರಿಯ ಗೇಟಿನಲ್ಲಿ ಕಾದಿದ್ದ ತನುಜಳೇ ಸೇರಿಸಿದ್ದಳು. ಅವರು ಹಾಕಿದ 'ಈಗ ಕೇಳ್ತಿರೋದು' ತೆರೆದರೆ ಗಿಟಾರಿನ ಗುಡುಗು, ಸಾವಿರ ಜನರ ಕೂಗು, ಅದೆಲ್ಲವನ್ನೂ ಮೀರಿಸಿ ಇಸ್ಮಾಯಿಲ್ ಸಾಹೇಬರು ಗಂಟಲು ಹರಿದುಕೊಂಡು ಅರಚುತ್ತಿದ್ದರು:

"ಬೇಟಾ! ಕೇಳುಸ್ತಾ? ಗಂಗುಲಪ್ಪಂಗೆ ಫೋನ್ ಮಾಡು! ಆ ಹಳೇ ಬೇರಿಂಗ್ ಬಿಸಾಕ್ಬೇಡ ಅನ್ನು! ನಾಳೆ ವಾಪಸ್ ಹಾಕ್ಸಣ!"