ಪಿಜ್ಜಾ ತಣ್ಣಗಾಗುವುದು ಎಲ್ಲಿ?

ವಿದ್ಯಾಧೀಶನಿಗೆ ಪಿಜ್ಜಾ ತಿನ್ನುವ ಚಟವೇನೂ ಇರಲಿಲ್ಲ. ಅವನಿಗಿದ್ದದ್ದು ತಿಳಿದುಕೊಳ್ಳುವ ಚಟ. ಅದು ಇನ್ನೂ ಕೆಟ್ಟದ್ದು. ತಿನ್ನುವ ಚಟವಾದರೆ ಹೊಟ್ಟೆ ತುಂಬಿದ ಮೇಲಾದರೂ ನಿಲ್ಲುತ್ತದೆ. ಬಬಲೇಶ್ವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಈ ಮಹಾಶಯ, ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ಪ್ಲಂಬರನನ್ನು ಕರೆಯುವುದಿಲ್ಲ. ನೀರು ಯಾಕೆ ಬರುತ್ತಿಲ್ಲ ಎಂದು ನಲ್ಲಿಯ ಮುಂದೆ ಕೂತು ಯೋಚಿಸುತ್ತಾನೆ. ಅವನ ಯೋಚನೆ ಒಂದು ಹಂತಕ್ಕೆ ಬರುವಷ್ಟರಲ್ಲಿ ಹೆಂಡತಿ ಅನುಜಾ ಪ್ಲಂಬರನನ್ನು ಕರೆಸಿ, ರಿಪೇರಿ ಮಾಡಿಸಿ, ಚಹಾ ಕುಡಿಸಿ ಕಳಿಸಿರುತ್ತಾಳೆ.

ಅಂಥವನ ಮಗಳು ಪೂರ್ವಾ ಒಂದು ಶನಿವಾರ ಪಿಜ್ಜಾ ಬೇಕೆಂದಳು. ವಿಜಾಪುರದ ಪೇಟೆಯೊಳಗಿನ ದೊಡ್ಡ ಅಂಗಡಿಗೆ ಮೊಬೈಲಿನಲ್ಲಿ ಹೇಳಿದರೆ, ನಿಮ್ಮ ಪ್ರದೇಶಕ್ಕೆ ನಮ್ಮ ಸೇವೆ ಇಲ್ಲ ಎಂಬ ಉತ್ತರ ಬಂತು. ಅಥಣಿ ರಸ್ತೆಯ ಅವರ ಲೇಔಟ್ ಹೊಸದು. ಅಂಗಡಿಯವರ ನಕಾಶೆಯ ಪ್ರಕಾರ ಪೆಟ್ರೋಲ್ ಪಂಪಿನ ಹತ್ತಿರ ಭೂಮಂಡಲವೇ ಮುಗಿದುಹೋಗುತ್ತಿತ್ತು. “ಪಪ್ಪಾ, ನಾವು ವಿಜಾಪುರದಾಗ ಇದ್ದೀವೋ ಇಲ್ಲೋ?” ಎಂದು ಪೂರ್ವಾ ಕೇಳಿದಳು. ಪ್ರಶ್ನೆ ಸರಳವಾಗಿತ್ತು. ವಿದ್ಯಾಧೀಶನಿಗೆ ಅಷ್ಟೇ ಸಾಕಾಯಿತು.

ಒಳ್ಳೆಯದಿರಬೇಕು, ಕೈಗೆಟಕುವ ದರದಲ್ಲಿರಬೇಕು, ಹತ್ತಿರದ್ದಿರಬೇಕು, ಬಿಸಿ ಬಿಸಿಯಾಗಿ ಮನೆಬಾಗಿಲಿಗೆ ಬರಬೇಕು. ಇಂಥ ಸರ್ವಲಕ್ಷಣಸಂಪನ್ನ ಪಿಜ್ಜಾ ಎಲ್ಲಿದ್ದರೂ ಹುಡುಕಿ ತರುತ್ತೇನೆ ಎಂದು ಆ ಸಂಜೆಯೇ ಘೋಷಿಸಿದ. (ಅನುಜಾ ಆಗ ಗ್ಯಾಸಿನ ಮೇಲೆ ಹಾಲಿಟ್ಟಿದ್ದಳು. ಘೋಷಣೆ ಕೇಳುತ್ತ ನಿಂತದ್ದರಿಂದ ಹಾಲು ಉಕ್ಕಿತು. ಅದನ್ನೂ ಅವನ ಲೆಕ್ಕಕ್ಕೇ ಹಿಡಿಯಲಾಯಿತು.)

ಮೊದಲು ಸಿಕ್ಕಿದ್ದು ಒಂದು ಬೇಕರಿಯ ಪಿಜ್ಜಾ. ನಿನ್ನೆಯ ಬನ್ನಿಗೆ ಇವತ್ತು ಸಾಸು ಬಳಿದು, ಮೇಲೆ ಗಜ್ಜರಿ ತುರಿದು ಹಾಕಿದ ಪದಾರ್ಥ ಅದು. ಟಿಕೋಟಾ ದಾರಿಯ ಧಾಬಾ ಒಂದರಲ್ಲಿ ತಂದೂರಿ ರೊಟ್ಟಿಯ ಮೇಲೆ ಪನೀರಿನ ಪಲ್ಯ ಹರಡಿ ಕೊಟ್ಟರು. ರುಚಿಯೇನೋ ಇತ್ತು, ಆದರೆ ಅದನ್ನು ಪಿಜ್ಜಾ ಎನ್ನಲು ಪೂರ್ವಾಳ ಆತ್ಮಸಾಕ್ಷಿ ಒಪ್ಪಲಿಲ್ಲ. ಬಬಲೇಶ್ವರದ ಸಂತೆಯ ದಿನ ಜ್ಯೂಸ್ ಸೆಂಟರಿನಲ್ಲೊಂದು ಪಿಜ್ಜಾ ಸಿಕ್ಕಿತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಪಕ್ಕದಲ್ಲಿ ಉಳ್ಳಾಗಡ್ಡಿ ಚೀಲ ಹಿಡಿದು ಕೂತಿದ್ದ ಹೆಂಗಸು ಪ್ರತಿ ತಿರುವಿನಲ್ಲೂ ಚೀಲಸಮೇತ ಇವನ ಮೇಲೆ ವಾಲುತ್ತಿದ್ದಳು. ಮನೆಗೆ ಬಂದು ಡಬ್ಬಿ ತೆರೆದರೆ ಚೀಸು, ಟೊಮ್ಯಾಟೊ, ಮೆಕ್ಕೆಜೋಳ ಎಲ್ಲ ಒಂದೇ ಮೂಲೆಗೆ ಹೋಗಿ ಸೇರಿದ್ದವು. ಉಳಿದದ್ದು ಬೋಳು ಬಯಲು.

ವಿದ್ಯಾಧೀಶನ ತಾಯಿ ಗಂಗಾಬಾಯಿ ಇವನ್ನೆಲ್ಲ ನೋಡುತ್ತಲೇ ಇದ್ದಳು. ಆಕೆ ಬೆಳ್ಳುಳ್ಳಿ ಬಿದ್ದದ್ದನ್ನು ಬಾಯಿಗೆ ಮುಟ್ಟಿಸುವವಳಲ್ಲ. ಆದರೆ ಡಬ್ಬಿ ಬಂದರೆ ಮಾತ್ರ ಕನ್ನಡಕ ಏರಿಸಿ ಎಲ್ಲರಿಗಿಂತ ಮುಂದೆ ಬಗ್ಗಿ ನಿಲ್ಲುತ್ತಿದ್ದಳು. ಇದರ ಮೇಲೆ ಹರಡಿದ್ದು ಏನು, ಅಂಚು ಯಾಕೆ ಹೀಗೆ ಉಬ್ಬಿದೆ, ಎಳೆದರೆ ದಾರ ಬರುವುದು ಹೇಗೆ ಎಂದು ಕೇಳಿ ಕೇಳಿ ಸುಸ್ತು ಮಾಡುತ್ತಿದ್ದಳು. ವಿದ್ಯಾಧೀಶನ ಚಟ ಎಲ್ಲಿಂದ ಬಂತೆಂದು ಅನುಜಾಗೆ ಮದುವೆಯಾದ ಹೊಸತರಲ್ಲೇ ತಿಳಿದಿತ್ತು.

ಕೊನೆಗೆ ಪಿಜ್ಜಾ ಸಿಕ್ಕಿದ್ದು ಅದೇ ಪೆಟ್ರೋಲ್ ಪಂಪಿನ ಎದುರಿಗೆ. ಪುಣೆಯ ಹೋಟೆಲಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ಫೈಜಲ ಅಲ್ಲೊಂದು ಸಣ್ಣ ಅಂಗಡಿ ತೆರೆದಿದ್ದ. ಹಿಟ್ಟು ಅಲ್ಲೇ ನಾದುತ್ತಿದ್ದ, ದರ ಕೇಳಿದರೆ ಹೆದರಿಕೆ ಆಗುತ್ತಿರಲಿಲ್ಲ. ಮನೆಗೆ ಮುಟ್ಟಿಸಲು ಯಲ್ಲಾಲಿಂಗ ಎಂಬವನಿದ್ದ. ಮೂವತ್ತು ದಾಟಿದ, ಮೀಸೆಯ, ಮಿತಭಾಷಿ ಮನುಷ್ಯ. ಅವನು ತಂದ ಮೊದಲ ಡಬ್ಬಿ ಅಂಗೈ ಸುಡುವಷ್ಟು ಬಿಸಿಯಿತ್ತು. ಪೂರ್ವಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ವಿದ್ಯಾಧೀಶನಿಗೆ ಪಿಎಚ್‌ಡಿ ಸಿಕ್ಕಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಂಗಾಬಾಯಿಯ ವಿಚಾರಣೆ ನಡೆದಿತ್ತು.

“ಯಾವ ಊರಪ್ಪಾ ನಿಂದು?”

“ಹೊನವಾಡರಿ, ಬಾಯಾರ.”

“ಹೊನವಾಡದಾಗ ಯಾರ ಪೈಕಿ?”

“ದ್ರಾಕ್ಷಿ ತ್ವಾಟದ ಸಿದ್ದರಾಮನ ಮಗಾರಿ.”

ಗಂಗಾಬಾಯಿಯ ಮುಖವೇ ಬೇರೆಯಾಯಿತು. ಹೊನವಾಡ ಆಕೆಯ ತವರೂರು. ಅಣ್ಣತಮ್ಮಂದಿರು ಮನೆ ಮಾರಿ ಸೊಲ್ಲಾಪುರ ಸೇರಿ ಎಷ್ಟೋ ವರ್ಷಗಳಾಗಿದ್ದವು. “ನಮ್ಮಣ್ಣನ ಜೋಡಿ ಸಾಲಿ ಕಲ್ತ ಸಿದ್ದರಾಮನ ಮಗಾ ಏನೋ ನೀನು? ಮತ್ತ ಬಾಯಾರ ಯಾಕಂತೀ, ಅತ್ತಿ ಅನ್ನು. ಒಳಗ ಬಾ,” ಎಂದಳು. ಅವತ್ತು ಯಲ್ಲಾಲಿಂಗನಿಗೆ ಚಹಾ, ಚೂಡಾ ಆಯಿತು. ವಿದ್ಯಾಧೀಶ ಅದನ್ನು ಕಂಡು ಮೆಚ್ಚಿದ, ಮರೆತೂ ಬಿಟ್ಟ.

ಮರೆಯಲು ಕಾರಣವಿತ್ತು. ಲೇಔಟಿನ ಜನ ಇಷ್ಟು ವರ್ಷ ಅವನ ಒಂದು ಮಾತನ್ನೂ ಕೇಳಿದವರಲ್ಲ. ಮಳೆನೀರು ಇಂಗಿಸುವ ಬಗ್ಗೆ ಅವನು ನಿವಾಸಿಗಳ ಸಂಘದ ಸಭೆಯಲ್ಲಿ ಬಾಯಿ ತೆರೆದರೆ ಹಿಂದಿನ ಸಾಲಿನವರು ಚಪ್ಪಲಿ ಹುಡುಕುತ್ತಿದ್ದರು. ಈಗ ಫೈಜಲನ ಪಿಜ್ಜಾದ ಬಗ್ಗೆ ಲೇಔಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದದ್ದೇ ತಡ, ಮನೆಮನೆಯವರೂ ಓದಿದರು, ತರಿಸಿದರು. ಸಂಘಕ್ಕೆ ಹೊಸ ಕಾರ್ಯದರ್ಶಿ ಬೇಕಾಗಿದ್ದರು. ವಿದ್ಯಾಧೀಶ ಸರ್ ಯಾಕಾಗಬಾರದು ಎಂದು ನಾಲ್ಕು ಜನ ಅಂದದ್ದು ಅವನ ಕಿವಿಗೂ ಬಿತ್ತು. ಅವನು ಅಂದಿನಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹಾಲು ತರಲು ಹೋಗತೊಡಗಿದ.

ಆ ವೈಭವ ಬಹಳ ದಿನ ಉಳಿಯಲಿಲ್ಲ. ಪಿಜ್ಜಾ ತಣ್ಣಗೆ ಬರುತ್ತಿದೆ ಎಂದು ದೂರುಗಳು ಶುರುವಾದವು. ಎಲ್ಲರಿಗಿಂತ ಜೋರಾಗಿ ದೂರಿದವರು ಲೇಔಟಿನ ಕೊನೆಯ ಮನೆಯ ಶಿವಾನಂದ. ಅವರು ನೀರಾವರಿ ಇಲಾಖೆಯ ನಿವೃತ್ತ ಇಂಜಿನಿಯರು, ಸಂಘದ ಅಧ್ಯಕ್ಷರು, ಮೇಲಿನ ಸಾಲಿಗೆ ಕಟ್ಟಿಸಿದ ಹಲ್ಲಿನವರು. ಆರಿದ ಚೀಸು ಹಲ್ಲಿನ ಸೆಟ್ಟನ್ನು ಹಿಡಿದುಕೊಂಡು ಬಿಡಲೊಲ್ಲದೆ ಹೋಯಿತಂತೆ. “ನಿಮ್ಮ ಮಾತು ಕೇಳಿ ತರಿಸಿದ್ವಿ, ಸರ. ನಾಳೆ ಕಾರ್ಯದರ್ಶಿ ಆಗಿ ಇನ್ನೂ ಏನೇನು ತಣ್ಣಗ ಮಾಡ್ತೀರೋ,” ಎಂದು ಮಾರುಕಟ್ಟೆಯಲ್ಲಿ ನಾಲ್ಕು ಜನರೆದುರು ಅಂದುಬಿಟ್ಟರು. ಅಂಗಡಿಯವನೊಂದಿಗೆ ಇವನದೇನೋ ಒಳಒಪ್ಪಂದವಿದೆ ಎಂಬ ಗುಸುಗುಸುವೂ ಹುಟ್ಟಿತು. ವಿದ್ಯಾಧೀಶನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಜೀವನದಲ್ಲಿ ಒಂದು ಸಲ ಜನ ನಂಬಿದ್ದರು, ಅದೂ ಹೋಗುವಂತಾಯಿತಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು.

ವಿಚಿತ್ರವೆಂದರೆ ಅವನ ಮನೆಗೆ ಬರುವ ಪಿಜ್ಜಾ ಮಾತ್ರ ಬಿಸಿಯಾಗಿಯೇ ಇರುತ್ತಿತ್ತು. ಲೇಔಟಿನ ಕಮಾನು ದಾಟಿದರೆ ಮೊದಲನೆಯದೇ ಅವನ ಮನೆ. ಅಲ್ಲಿಂದ ಕೊನೆಯ ಮನೆಗೆ ಬೈಕಿನ ಮೇಲೆ ಒಂದು ಸೀನು ಸೀನುವಷ್ಟು ಹೊತ್ತು. ಅಷ್ಟರೊಳಗೆ ಶಾಖ ಎಲ್ಲಿಗೆ ಹೋಗುತ್ತದೆ? ಭೌತಶಾಸ್ತ್ರಕ್ಕೇ ಇದು ಸವಾಲು. ಬಯಲಿನಿಂದ ಬೀಸುವ ಪಡುವಣ ಗಾಳಿಯ ಮೇಲೆ ಮೊದಲು ಸಂಶಯಪಟ್ಟ. ಆಮೇಲೆ ರಸ್ತೆಯ ಉಬ್ಬುಗಳ ಮೇಲೆ. ಕಾಲೇಜಿನ ಪ್ರಯೋಗಾಲಯದ ಥರ್ಮಾಮೀಟರು ತಂದು ಖಾಲಿ ಡಬ್ಬಿಗೆ ಚುಚ್ಚಿ ನೋಡಿದ. ಫೈಜಲನನ್ನು ಕೇಳಿದರೆ ಅವನು ಬೇಜಾರಿನಿಂದ, “ನಾ ಕೊಡೂಮುಂದ ಡಬ್ಬಿ ಕೈಯಾಗ ಹಿಡ್ಯಾಕ ಆಗೂದಿಲ್ಲರಿ ಸರ. ದಾರ್ಯಾಗ ಏನಾಗತೈತೋ ನೀವೇ ಕಂಡುಹಿಡೀರಿ,” ಎಂದ.

ಇದೇ ದಿನಗಳಲ್ಲಿ ಅನುಜಾ, ಜೋಳದ ಹಿಟ್ಟು ಬೇಗ ಬೇಗ ಮುಗಿಯುತ್ತಿದೆ, ಗಿರಣಿಗೆ ಹೋಗಿ ಬನ್ನಿ ಎಂದು ಎರಡೆರಡು ಸಲ ಹೇಳಿದಳು. ಇಂಥ ಗಂಭೀರ ಸಂಶೋಧನೆಯ ನಡುವೆ ಹಿಟ್ಟಿನ ಮಾತೇ ಎಂದು ಅವನು ರೇಗಿದ. ಅವಳು ಟ್ಯೂಶನ್ ಮಕ್ಕಳು ಕಾಯುತ್ತಿದ್ದಾರೆಂದು ಮಾಳಿಗೆ ಹತ್ತಿ ಹೋದಳು.

ಕಡೆಗೆ ವಿದ್ಯಾಧೀಶ ಒಂದು ಉಪಾಯ ಹೂಡಿದ. ಶಿವಾನಂದರು ಪಿಜ್ಜಾಕ್ಕೆ ಹೇಳುವುದು, ಇಬ್ಬರೂ ಸ್ಕೂಟರಿನ ಮೇಲೆ ಅಂಗಡಿಯಿಂದಲೇ ಯಲ್ಲಾಲಿಂಗನ ಬೆನ್ನು ಹತ್ತುವುದು. ಎಲ್ಲಿ ತಣ್ಣಗಾಗುತ್ತದೆಂದು ಅಧ್ಯಕ್ಷರ ಕಣ್ಣೆದುರೇ ರುಜುವಾತಾಗಲಿ, ತಪ್ಪಿತಸ್ಥ ಯಾರೇ ಇರಲಿ ಗುಂಪಿನಲ್ಲಿ ಹೆಸರು ಹಾಕೋಣ ಎಂದು ತಾನೇ ಮೇಲೆ ಬಿದ್ದು ಹೇಳಿದ. ಸಾಮಾನ್ಯವಾಗಿ ಅವನು ಬಬಲೇಶ್ವರದ ಬಸ್ಸಿಳಿದು, ಗೆಳೆಯರ ಜೊತೆ ಹರಟಿ, ಕತ್ತಲಾದ ಮೇಲೇ ಮನೆ ಸೇರುವವನು. ಅವತ್ತು ಬೇಗ ಬಂದು, ಶಿವಾನಂದರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಫೈಜಲನ ಅಂಗಡಿಯ ಎದುರು ಮರದ ಮರೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತ.

ಯಲ್ಲಾಲಿಂಗ ಡಬ್ಬಿ ಕಟ್ಟಿಕೊಂಡು ಹೊರಟ. ಚಹಾದಂಗಡಿಯಲ್ಲಿ ನಿಲ್ಲಲಿಲ್ಲ. ಪಾನ್ ಅಂಗಡಿಯವನು ಕೈ ಮಾಡಿದರೂ ನಿಲ್ಲಲಿಲ್ಲ. ಎಷ್ಟು ಪ್ರಾಮಾಣಿಕ ಮನುಷ್ಯನಪ್ಪಾ ಎಂದು ಹಿಂದೆ ಕೂತ ಶಿವಾನಂದರೇ ಅಂದರು. ಬೈಕು ಕಮಾನು ದಾಟಿತು, ನಿಧಾನವಾಯಿತು, ಮೊದಲ ಮನೆಯ ಗೇಟಿನ ಮುಂದೆ ನಿಂತಿತು. ಯಲ್ಲಾಲಿಂಗ ದಿನಾ ನಿಲ್ಲಿಸುವವನ ಹಾಗೆ ಬೇವಿನ ನೆರಳಿನ ಜಾಗ ನೋಡಿ ಬೈಕು ನಿಲ್ಲಿಸಿ, ನಲ್ಲಿಯಲ್ಲಿ ಕೈಕಾಲು ತೊಳೆದು, ಡಬ್ಬಿ ಹಿಡಿದು ಒಳಗೆ ಹೋದ.

“ಅದು ಯಾರ ಮನಿರಿ, ಸರ?” ಎಂದು ಶಿವಾನಂದರು ಕೇಳಿದರು. ಅವರಿಗೆ ಗೊತ್ತಿಲ್ಲದೆ ಕೇಳಿದ್ದಲ್ಲ.

ಒಳಗೆ ಪಡಸಾಲೆಯಲ್ಲಿ ಯಲ್ಲಾಲಿಂಗ ಜೋಕಾಲಿಯ ಮೇಲೆ ಕೂತಿದ್ದ. ಅದು ವಿದ್ಯಾಧೀಶನನ್ನು ಬಿಟ್ಟು ಇನ್ನಾರೂ ಕೂರದ ಜಾಗ. ಮುಂದೆ ತಾಟಿನಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ದಣಿದು ಬಂದವನಿಗೆ ಸೆಕೆಯಾಗಬಾರದೆಂದು ಫ್ಯಾನು ಭರ್ರೆಂದು ತಿರುಗುತ್ತಿತ್ತು. ಆ ಫ್ಯಾನಿನ ಕೆಳಗೆ ಟೀಪಾಯಿಯ ಮೇಲೆ ಶಿವಾನಂದರ ಪಿಜ್ಜಾ, ಮುಚ್ಚಳ ಪೂರ್ತಿ ತೆರೆದು ಮಲಗಿತ್ತು. ಗಂಗಾಬಾಯಿ ಕನ್ನಡಕ ಏರಿಸಿ ಅದರ ಮೇಲೆ ಬಗ್ಗಿದ್ದಳು.

“ಬರ್ರಿ ಮಾಮಾರ, ಊಟಾ ಮಾಡ್ರಿ,” ಎಂದು ಯಲ್ಲಾಲಿಂಗ ವಿದ್ಯಾಧೀಶನನ್ನು ಅವನ ಮನೆಗೇ ಸ್ವಾಗತಿಸಿದ. ಅತ್ತೆಯ ಮಗ ಮಾಮ ತಾನೇ.

ಗಂಗಾಬಾಯಿ ತಲೆ ಎತ್ತಲೂ ಇಲ್ಲ. “ಶಿವಾನಂದ ಸಾಹೇಬರು ಇವತ್ತೂ ಹಸಿಮೆಣಸಿನಕಾಯಿನಽ ಹಾಕಿಸ್ಯಾರ ನೋಡು. ಈ ವಯಸ್ಸಿನಾಗ ಹೊಟ್ಟಿಗೆ ಹೆಂಗ ತಾಳತದೋ,” ಎಂದಳು. ಆಮೇಲೆ ತಲೆ ಎತ್ತಿದರೆ ಸಾಹೇಬರೇ ಎದುರಿಗಿದ್ದರು.

ಲೇಔಟಿನ ಯಾವ ಮನೆಯವರು ಪಿಜ್ಜಾದ ಮೇಲೆ ಏನು ಹಾಕಿಸುತ್ತಾರೆ, ಯಾರು ಸಣ್ಣದು ತರಿಸಿ ದೊಡ್ಡದು ತರಿಸಿದೆವು ಎನ್ನುತ್ತಾರೆ ಎಂಬುದೆಲ್ಲ ಗಂಗಾಬಾಯಿಗೆ ಬಾಯಿಪಾಠವಾಗಿತ್ತು. ತಾನು ತಿನ್ನುವಂತಿಲ್ಲ, ನೋಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲವಲ್ಲ ಎಂಬುದು ಆಕೆಯ ವಾದ. ಸದ್ದು ಕೇಳಿ ಅನುಜಾ ಮಾಳಿಗೆಯಿಂದ ಇಳಿದು ಬಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ವಿದ್ಯಾಧೀಶ ಹಲ್ಲು ಕಡಿದು ಕೇಳಿದ.

“ನೀವು ಗಾಳಿನ್ನ ಕೇಳಿದ್ರಿ, ರಸ್ತೆನ್ನ ಕೇಳಿದ್ರಿ, ಥರ್ಮಾಮೀಟರನ್ನ ಕೇಳಿದ್ರಿ. ಮನ್ಯಾಗ ಯಾವಾಗ ಕೇಳಿದ್ರಿ?”

ಯಲ್ಲಾಲಿಂಗ ಅರ್ಧ ರೊಟ್ಟಿ ಬಿಟ್ಟು ಎದ್ದುನಿಂತ. ತಪ್ಪಾಯಿತು, ನಾಳೆಯಿಂದ ಇಲ್ಲಿ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಅದನ್ನು ಕೇಳಿ ಗಂಗಾಬಾಯಿ ಪಿಜ್ಜಾದ ಮುಚ್ಚಳ ಮುಚ್ಚಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. “ಆ ಊರಿಂದ ಬಂದು ನನ್ನ ಅತ್ತಿ ಅನ್ನಾಂವ ಇವನೊಬ್ಬನಽ ಉಳದಾನ. ಇವನು ಹಸದು ಬಾಗಿಲಾ ದಾಟಿ ಹೋದ್ರ ನನಗ ಊಟ ಇಳೀತದ ಏನೋ, ವಿದ್ಯಾ?” ಎಂದಳು. ವಿದ್ಯಾಧೀಶನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ತಾಯಿ ಇಷ್ಟು ದಿನ ಸಂಜೆಯಾದರೆ ಯಾಕೆ ಖುಷಿಯಲ್ಲಿರುತ್ತಿದ್ದಳೆಂದು ಅವನು ಒಮ್ಮೆಯೂ ಕುತೂಹಲಪಟ್ಟಿರಲಿಲ್ಲ. ಅದಕ್ಕೆ ಅವನಿಗೆ ನಾಚಿಕೆಯಾಯಿತು. ಕೂಡು, ಊಟ ಮುಗಿಸು ಎಂದು ಯಲ್ಲಾಲಿಂಗನ ಭುಜ ಹಿಡಿದು ಕೂರಿಸಿದ.

ಅಷ್ಟರಲ್ಲಿ ಶಿವಾನಂದರಿಗೂ ಒಂದು ತಾಟು ಬಂದಿತ್ತು. ಎಣಗಾಯಿಯ ಜೊತೆ ಎರಡನೆಯ ರೊಟ್ಟಿ ಮುರಿಯುತ್ತ ಅವರು ಇಂಜಿನಿಯರನ ಹಾಗೆ ಯೋಚಿಸಿ ತೀರ್ಪು ಕೊಟ್ಟರು. “ಅವಾ ಇಲ್ಲಿ ನಿಂದ್ರೂದು ತಪ್ಪೂದಿಲ್ಲ. ನಿಂದ್ರಲಿ, ಉಣ್ಣಲಿ. ಅವಾ ಉಣ್ಣೂತನಕ ಡಬ್ಬಿ ನೀವು ಹಂಚಿ ಬರ್ರಿ, ಸರ.”

ಸಂಘದ ಸಭೆಯಲ್ಲಿ ಇದು ಸರ್ವಾನುಮತದಿಂದ ಪಾಸಾಯಿತು. ಅವನ ಹೆಸರಿನ ಪ್ರಸ್ತಾಪವೊಂದು ಅವಿರೋಧವಾಗಿ ಪಾಸಾದದ್ದು ಅದೇ ಮೊದಲು. ಕಾರ್ಯದರ್ಶಿಯಾಗಿ ಬೇರೆ ಯಾರನ್ನೋ ಆರಿಸಿದರು, ವಿದ್ಯಾಧೀಶ ಸರ್‌ಗೆ ಸಂಜೆ ಹೊತ್ತು ಬಿಡುವಿರುವುದಿಲ್ಲವಲ್ಲ ಎಂದು.

ಈಗ ಸಂಜೆಯಾದರೆ ಯಲ್ಲಾಲಿಂಗ ಜೋಕಾಲಿಯ ಮೇಲೆ ಕೂತು ಉಣ್ಣುತ್ತಾನೆ, ಗಂಗಾಬಾಯಿ ಹೊನವಾಡದ ಸುದ್ದಿ ಕೇಳುತ್ತಾಳೆ. ಭೌತಶಾಸ್ತ್ರದ ಉಪನ್ಯಾಸಕರು ಡಬ್ಬಿಗಳನ್ನು ಎದೆಗವಚಿಕೊಂಡು ಮನೆಮನೆ ತಿರುಗುತ್ತಾರೆ. ಒಳಗೆ ಬನ್ನಿ, ನೀರು ಕುಡಿಯಿರಿ ಎಂದು ಇಲ್ಲಿಯವರೆಗೆ ಯಾರೂ ಅಂದಿಲ್ಲ. ಆದರೂ ಮೊದಲ ವಾರ ದೂರು ಬರಲಿಲ್ಲ. ಅವನ ಮಾತಿಗೆ ಮತ್ತೆ ಬೆಲೆ ಬಂತೆಂದು ಅವನು ಒಳಗೊಳಗೇ ಹಿಗ್ಗಿದ್ದ.

ಎರಡನೆಯ ವಾರ ಗುಂಪಿನಲ್ಲಿ ಅಧ್ಯಕ್ಷರ ಸಂದೇಶ ಬಂತು: “ಇಂದಿನ ಪಿಜ್ಜಾ ಮತ್ತೆ ತಣ್ಣಗಿತ್ತು. ವಿಚಾರಿಸಲಾಗಿ, ತಂದುಕೊಡುವವರು ಮೊದಲಿನ ಮನೆಗಳ ಬಾಗಿಲಲ್ಲಿ ನಿಂತು, ಮುಚ್ಚಳ ತೆಗೆಸಿ, ಮೇಲೆ ಏನು ಹಾಕಿಸಿದ್ದೀರಿ, ಚೀಸು ಎಷ್ಟು ಉದ್ದ ಎಳೆಯುತ್ತದೆ ಎಂದು ಕೇಳುತ್ತ ನಿಲ್ಲುತ್ತಾರೆಂದು ತಿಳಿದುಬಂದಿದೆ. ದಯವಿಟ್ಟು ಆ ಮನುಷ್ಯನನ್ನು ಬದಲಿಸಬೇಕು.”

ಅದರ ಕೆಳಗೆ ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತಿದವಳು ಅನುಜಾ.