ಅಟ್ಟದ ಮೇಲಿನ ಮೇಷ್ಟ್ರು

ಹೊಸನಗರದ ಮೈಕ್‌ಸೆಟ್ ತೀರ್ಥೇಶನ ದನಿ ಒಮ್ಮೆ ಬಾಯಿಂದ ಹೊರಟರೆ ಮೂರು ಸಲ ಕೇಳಿಸದೆ ಅಡಗುವುದಿಲ್ಲವೆಂದು ತಾಲೂಕಿನಲ್ಲಿ ಪ್ರತೀತಿ. ಒಮ್ಮೆ ಮದುವೆಮನೆಯಲ್ಲಿ ಅವನು ‘ಊಟಕ್ಕೆ ಬನ್ನಿ’ ಎಂದನಂತೆ. ‘ಬನ್ನಿ... ಬನ್ನಿ... ಬನ್ನಿ’ ಎಂಬ ಮಾರ್ದನಿ ಗುಡ್ಡ ಹತ್ತಿ, ನಗರದ ಕೋಟೆಗೆ ಬಡಿದು, ಅಲ್ಲಿ ಮುನ್ನೂರು ವರ್ಷದಿಂದ ತಣ್ಣಗೆ ಮಲಗಿದ್ದ ಸೈನಿಕರೆಲ್ಲ ಎದ್ದು ಕತ್ತಿ ಸಮೇತ ಪಂಕ್ತಿಗೆ ಬಂದು ಕೂತರಂತೆ. (ಎರಡನೇ ಪಂಕ್ತಿಗೆ ಪಾಯಸ ಸಾಲದೆ ಹೋದದ್ದಕ್ಕೆ ಅಡುಗೆ ಭಟ್ಟರು ಕೊಟ್ಟ ಕಾರಣ ಇದೇ.)

ಇಷ್ಟಕ್ಕೂ ಮೂಲ ಅವನ ಯಂತ್ರದಲ್ಲಿದ್ದ ‘ಎಕೋ’ ಎಂಬ ತಿರುಗಣೆ. ಇಪ್ಪತ್ತು ವರ್ಷ ತಿರುಗಿಸಿ ತಿರುಗಿಸಿ ಅದು ಅವನ ಗಂಟಲಿಗೇ ಇಳಿದಿತ್ತು. ಮನೆಯಲ್ಲೂ ‘ಸಾರು ಹಾಕು... ಹಾಕು... ಹಾಕು’ ಎನ್ನುತ್ತಿದ್ದ. ಹೆಂಡತಿ ದೀಪಶ್ರೀ ಮೂರನೆಯ ‘ಹಾಕು’ ಬರುವ ತನಕ ಸೌಟು ಎತ್ತುತ್ತಿರಲಿಲ್ಲ.

ಇವರ ಮಗಳು ವಾಗ್ದೇವಿ ಒಂದನೇ ಕ್ಲಾಸು. ಹೆಸರಿಗೆ ಸಾಕ್ಷಾತ್ ಸರಸ್ವತಿ. ಅಕ್ಷರಗಳೆಲ್ಲ ಬಿಡಿಬಿಡಿಯಾಗಿ ಗೊತ್ತು. ಕೂಡಿಸಲು ಹೇಳಿದರೆ ಮಾತ್ರ ‘ಮ’ ಮತ್ತು ‘ರ’ ಪಾಲಾದ ಅಣ್ಣತಮ್ಮಂದಿರಂತೆ ಮುಖ ತಿರುಗಿಸಿ ನಿಲ್ಲುತ್ತಿದ್ದವು. ಟೀಚರ್ ಜ್ಯೋತಿಲಕ್ಷ್ಮಿ ಗಂಡಹೆಂಡಿರನ್ನು ಕರೆಸಿ, ದಿನಾ ಹತ್ತು ನಿಮಿಷ ಮಗುವಿನ ಪಕ್ಕ ಕೂತು ಒಂದೊಂದೇ ಸದ್ದು ನಿಧಾನವಾಗಿ ಹೇಳಿ ಕೂಡಿಸಿ ತೋರಿಸಿ ಎಂದಿದ್ದರು. ಎರಡು ವಾರ ಬಿಟ್ಟು ಶನಿವಾರ ಪೋಷಕರ ಸಭೆ. ಅಂದು ಪ್ರತಿ ಮಗುವೂ ಒಂದು ಪುಟ ಓದಬೇಕು. ಓದಲಾಗದವರು ಮತ್ತೆ ‘ಅ ಆ’ ಗುಂಪಿಗೆ. ಮಗಳು ಹಿಂದೆ ಉಳಿಯುತ್ತಾಳೆಂಬ ಚಿಂತೆಗೆ ದೀಪಶ್ರೀ ಹೊಲಿಯುತ್ತಿದ್ದ ರವಿಕೆಗಳ ತೋಳು ಹಿಂದುಮುಂದಾದವು.

“ಮದುವೆ ರವಿಕೆ ಹದಿನೆಂಟು ಬಾಕಿ ಇದಾವೆ ಕಣ್ರೀ. ಇದೊಂದು ನೀವು ನೋಡ್ಕಳಿ. ಪಕ್ಕ ಕೂತ್ರೆ ಸಾಕು, ಮೈಕ್ ಬೇಡ,” ಎಂದಳು.

“ಕೂತು ಹೇಳೋದೆಲ್ಲ ಹಳೇ ಕಾಲ ಕಣೇ... ಕಣೇ... ಕಣೇ,” ಎಂದು ತೀರ್ಥೇಶ ಎದ್ದ.

ಇಡೀ ಪಾಠಪುಸ್ತಕವನ್ನು ಸದ್ದು, ಪದ, ಸಾಲು ಎಂದು ಬಿಡಿಸಿ ತನ್ನ ಘನಗಂಭೀರ ಕಂಠದಲ್ಲಿ ರೆಕಾರ್ಡ್ ಮಾಡಿದ. (ಎಕೋ ತಿರುಗಣೆ ಎಷ್ಟರಲ್ಲಿತ್ತೆಂದು ಕೇಳಬೇಡಿ; ಪೂರ್ತಿ.) ಒಳಕೋಣೆಯ ಅಟ್ಟದಲ್ಲಿ ಸ್ಪೀಕರ್ ಬಾಕ್ಸ್ ಇಟ್ಟು, ದಿನಾ ಸಂಜೆ ಐದೂವರೆಗೆ ತಾನೇ ಶುರುವಾಗುವಂತೆ ಮಾಡಿ, ಚಹದಂಗಡಿಗೆ ನಡೆದ.

ಧನುರ್ಮಾಸದ ದಿನಗಳು. ಐದಕ್ಕೆಲ್ಲ ಮಂಜು ಗೇಟು ದಾಟಿ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಆ ಹೊತ್ತಿಗೆ ಅಟ್ಟದ ಕತ್ತಲಿನಿಂದ ದೇಹವಿಲ್ಲದ ಗಂಟಲೊಂದು ಏಳುತ್ತಿತ್ತು: ‘ಮ... ಮ... ಮ...’ ಆಮೇಲೆ ದೀರ್ಘ ಮೌನ. ಆಮೇಲೆ, ಇನ್ನೂ ಹತ್ತಿರದಿಂದ, ‘ರ... ರ... ರ...’ ಮೊದಲ ದಿನವೇ ಬೆಕ್ಕು ಮನೆ ಬಿಟ್ಟಿತು. ಮೂರನೇ ದಿನದಿಂದ ಹಾಲಿನವರು ಹಾಲನ್ನು ಗೇಟಿನ ಹೊರಗೇ ಇಟ್ಟು, ಹಿಂದೆ ತಿರುಗಿ ನೋಡದೆ ಹೋಗತೊಡಗಿದರು. ನಾಲ್ಕನೇ ದಿನ ಪಕ್ಕದ ಮನೆಯ ಗುತ್ಯಮ್ಮ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದರು.

“ದೀಪಾ, ನಿಮ್ಮನೆ ಅಟ್ಟದ ಮೇಲೆ ಯಾರೋ ಹಿರೇರು ಅಕ್ಷರ ಕಲೀತಾ ಇದಾರಲ್ಲೇ. ಬದುಕಿದ್ದಾಗ ಶಾಲೆಗೆ ಕಳಿಸಿರ್ಲಿಲ್ವಾ ಎಂತ?”

ಸಭೆಗೆ ಎರಡು ದಿನ ಇರುವಾಗ, ಗುರುವಾರ, ಕಾರ್ಯಕ್ರಮವೊಂದಕ್ಕೆ ಬಾಕ್ಸ್ ಸಾಲದೆ ತೀರ್ಥೇಶ ಅಟ್ಟದ್ದನ್ನೂ ಇಳಿಸಿಕೊಂಡು ಹೋಗಿದ್ದ. ಮುಸ್ಸಂಜೆಗೆ ಅದನ್ನು ಎದೆಗವಚಿಕೊಂಡು ಹಿಂತಿರುಗಿದ. ಕರೆಂಟಿಲ್ಲ. ದೀಪಶ್ರೀ ಪಕ್ಕದ ಮನೆಗೆ ರವಿಕೆ ಕೊಡಲು ಹೋಗಿದ್ದಳು. ಜಗುಲಿ ಹತ್ತಿದವನು ಹಾಗೇ ನಿಂತ.

ಒಳಕೋಣೆಯಲ್ಲಿ ಅವನೇ ಮಾತಾಡುತ್ತಿದ್ದ.

‘ಮರ... ಮರ... ಮರ...’

ತೀರ್ಥೇಶ ತೋಳಿನಲ್ಲಿದ್ದ ಬಾಕ್ಸ್ ನೋಡಿದ. ವೈರು ಸತ್ತ ಹಾವಿನ ಹಾಗೆ ಜೋತಿತ್ತು. ತನ್ನ ಬಾಯಿ ಮುಟ್ಟಿ ನೋಡಿಕೊಂಡ, ಮುಚ್ಚಿತ್ತು. ಒಳಗಿನ ತೀರ್ಥೇಶ ಮುಂದುವರಿಸಿದ: ‘ಗಿಳಿ ಹಾರಿತು... ಹಾರಿತು... ಹಾರಿತು...’ ಕೊನೆಯದು ಯಾರೋ ದೀಪ ಊದಿದಷ್ಟು ಸಣ್ಣಗೆ. ತಾಲೂಕಿಗೆಲ್ಲ ದನಿ ಹಂಚಿದ ವೀರನ ತೋಳು ಸಡಿಲಿ, ಬಾಕ್ಸ್ ನೇರ ಹೆಬ್ಬೆರಳಿನ ಮೇಲೆ ಇಳಿಯಿತು.

ಕುಂಟುತ್ತ ಇಣುಕಿದ. ಕಿಟಕಿಯ ಬೂದು ಬೆಳಕಿನಲ್ಲಿ ವಾಗ್ದೇವಿ ಗೋಡೆಗೆ ಒರಗಿ ಕೂತಿದ್ದಳು. ರೆಪ್ಪೆ ಅಲ್ಲಾಡುತ್ತಿಲ್ಲ. ಬೆರಳು ಸಾಲಿನ ಮೇಲೆ ಮೆಲ್ಲನೆ ಸರಿಯುತ್ತಿದೆ. ತಲೆ ಎತ್ತದೆ ಆ ದಪ್ಪ ಗಂಟಲಿನಲ್ಲೇ, “ತಡಿ ಅಪ್ಪಾ, ಇನ್ನೊಂದು ಸಾಲಿದೆ... ಸಾಲಿದೆ... ಸಾಲಿದೆ,” ಎಂದಳು.

ಮಗಳು ಓದುತ್ತಿದ್ದಾಳೆ! ತೀರ್ಥೇಶ ಬೆವರು ಒರೆಸಿಕೊಂಡು ದಿಗ್ವಿಜಯ ಸಾರಿದ. ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ದೀಪಶ್ರೀ ಕೇಳಿದ್ದು ಒಂದೇ ಮಾತು. “ಓದ್ತಿರೋದೇನೋ ಹೌದು. ಆದ್ರೆ ಯಾರು?” ಅವಳ ಹಿಂದೆಯೇ ಬಂದಿದ್ದ ಗುತ್ಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆಯ ಕಿಟಕಿಗೆ ಮಂಜು ಮುಖ ಒತ್ತಿ ನಿಂತಿತ್ತು. ವಾಗ್ದೇವಿ ಎದ್ದು ಒಂದೂ ತಪ್ಪಿಲ್ಲದೆ ಪುಟ ಮುಗಿಸಿದಳು. ಒಂದೊಂದು ಸಾಲೂ ಮೂರು ಮೆಟ್ಟಿಲು ಇಳಿದು ಕತ್ತಲಲ್ಲಿ ಮುಳುಗಿತು. ಹಿಂದಿನ ಬೆಂಚಿನಲ್ಲಿ ಒಬ್ಬರು ತಮ್ಮ ಕೂಸಿನ ಕಿವಿ ಮುಚ್ಚಿದರು. ಆಮೇಲೆ ನಿಶಾಂತ ಎಂಬ ಹುಡುಗನ ಸರದಿ. ಓದುವ ಕ್ರಮವೇ ಇದಿರಬೇಕೆಂದು ಅವನೂ ‘ಮಳೆ ಬಂತು... ಬಂತು... ಬಂತು’ ಎಂದು ನರಳಿದ. ಮುಂದಿನವರೂ ಹಾಗೇ. ಹತ್ತನೆಯ ಮಗುವಿನ ಹೊತ್ತಿಗೆ ಇಡೀ ಕೋಣೆ ಸ್ಮಶಾನದ ಭಜನಾ ಮಂಡಳಿಯಾಗಿತ್ತು. ಜ್ಯೋತಿಲಕ್ಷ್ಮಿ ಟೀಚರೇ “ಮುಂದಿನವರು... ಮುಂದಿನವರು...” ಎಂದುಬಿಟ್ಟು, ತಟ್ಟನೆ ಬಾಯಿಗೆ ಕೈ ಇಟ್ಟುಕೊಂಡರು.

“ವಾಗ್ದೇವಿ ಗೆದ್ಲು, ‘ಅ ಆ’ ಗುಂಪು ಬೇಡ. ಆದ್ರೆ ನನ್ನ ಇಡೀ ಕ್ಲಾಸನ್ನ ಹಾಳುಬಾವಿಗೆ ಇಳಿಸಿದಾಳೆ,” ಎಂದರು ಅವರು. “ತೀರ್ಥೇಶ್ ಅವ್ರೇ, ಇದು ಯಾವ ಪದ್ಧತಿ? ಸ್ವಲ್ಪ ಎದ್ದು ಎಲ್ರಿಗೂ ಹೇಳಿ.”

ತೀರ್ಥೇಶ ಎದ್ದ. ಇಬ್ಬರು ಪೋಷಕರು ಬರೆದುಕೊಳ್ಳಲು ಪೆನ್ನು ತೆಗೆದರು. ದೀಪಶ್ರೀ ಅವನನ್ನೇ ನೋಡುತ್ತಿದ್ದಳು. ಅವನು ಏನೇ ಹೇಳಲಿ, ಕೊನೆಯ ಪದವನ್ನು ಹಿಡಿದುಕೊಳ್ಳಲು ಮೂವತ್ತು ಮಕ್ಕಳು ತುಟಿ ತೆರೆದು ಕಾದಿದ್ದರು. ಅವನು ಗಂಟಲು ಸರಿಮಾಡಿಕೊಂಡು, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ, ಒಂದೇ ಸಲ ಹೇಳಿದ.

“ಪದ್ಧತಿ ಎಂತದೂ ಇಲ್ಲ ಮೇಡಂ. ಮಗಳ ಪಕ್ಕ ಕೂರಕ್ಕೆ ಸೋಮಾರಿತನ.”